ದಿಬ್ಬಣದಂತೆ ಹೊರಟ ಕೈದಿಗಳು

ಸಾಗರದ ಸುತ್ತಮುತ್ತ ಯಾರನ್ನು ಕೇಳಿದರೂ ಒಂದೇ ಮಾತು: ಹಸೆ ಚಿತ್ತಾರಕ್ಕೆ ಪ್ರತಿಮಾಳ ಕೈಯೇ ಆಗಬೇಕು. ಮದುವೆಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುತ್ತಲೇ ಬೆಳೆದವಳು. ಮದುವೆಯಾಗಿ ಮಕ್ಕಳಾದ ಮೇಲೆ ಹೆಗ್ಗೋಡಿನ ಶಿಬಿರವೊಂದರಲ್ಲಿ ಮರದ ಅಚ್ಚು ಕೆತ್ತುವ ಹುಚ್ಚು ಹಿಡಿಸಿಕೊಂಡಳು. ಹುಚ್ಚೆಂದರೆ ಹುಚ್ಚೇ, ಒಲೆಯ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗುತ್ತಿರಲಿಲ್ಲ.

ಶಿಬಿರದ ಶ್ರೀಕಾಂತ ಮೇಷ್ಟ್ರು ಬೇರೆ ಬೇರೆ ದೇಶಗಳ ಹಳೆಯ ಅಚ್ಚುಚಿತ್ರಗಳನ್ನು ತೋರಿಸಿದರು. ಎಲ್ಲವೂ ರಾಜಕೀಯ ಬಂಧನದವು. ಪೊಲೀಸರು ಬೆಟ್ಟದೆತ್ತರ, ಕೈದಿ ತಲೆ ತಗ್ಗಿಸಿ ಮುದುಡಿದವನು. "ನಿಮ್ಮೂರಿನದೂ ಒಂದು ಮಾಡಿ" ಎಂದರು. ಗೇಣಿದಾರರ ಕಾಗೋಡು ಸತ್ಯಾಗ್ರಹದಲ್ಲಿ ಜೈಲಿಗೆ ಹೋಗಿದ್ದ ಮುತ್ತಜ್ಜ ಭೂತಪ್ಪ ಪ್ರತಿಮಾಳಿಗೆ ನೆನಪಾದ. ಆದರೆ ಅಜ್ಜಿ ಜಲಜಮ್ಮ ತನ್ನ ಅಪ್ಪನ ಆ ಕಥೆಯ ಬಗ್ಗೆ ಬಾಯಿಬಿಟ್ಟವಳೇ ಅಲ್ಲ. ಜೈಲಿಗೆ ಹೋದವನ ಮಗಳೆಂದು ಜನ ಆಡಿಕೊಂಡದ್ದು ಅವಳನ್ನು ಇಂದಿಗೂ ಚುಚ್ಚುತ್ತಿತ್ತು. ಅಜ್ಜಿ ಬೇಡವೆಂದರೆ ಚಿತ್ರವನ್ನು ಪ್ರದರ್ಶನಕ್ಕೆ ಕಳಿಸುವುದಿಲ್ಲವೆಂದು ಪ್ರತಿಮಾ ನಿಶ್ಚಯಿಸಿಕೊಂಡೇ ಉಳಿ ಹಿಡಿದಳು.

ಆದರೆ ಕೈ ತಲೆಯ ಮಾತು ಕೇಳಬೇಕಲ್ಲ! ಅಚ್ಚಿನಲ್ಲಿ ಕೆತ್ತಿದ ಕಡೆ ಮಸಿ ಹತ್ತುವುದಿಲ್ಲ; ಗಟ್ಟಿಯಾಗಿ ಕಾಣಬೇಕಾದ ಲಾರಿಯ ಕಂಬಿಗಳನ್ನು ಉಳಿಸಿ ಸುತ್ತ ಕೆತ್ತಬೇಕಿತ್ತು. ಗೋಡೆಗೆ ಗೆರೆ ಎಳೆದ ರೂಢಿಯಲ್ಲಿ ಕಂಬಿಗಳನ್ನೇ ಕೆತ್ತಿಬಿಟ್ಟಿದ್ದಳು. ಕೆಂಪು ಮಸಿ ಹಚ್ಚಿ ಒತ್ತಿದರೆ ಅವೆಲ್ಲ ಚಿತ್ತಾರದ ಅಂಚಿನಂತೆ ಬೆಳ್ಳಗೆ ಮೂಡಿದವು. ಪೊಲೀಸ್ ಲಾರಿ ಮದುಮಕ್ಕಳನ್ನು ಹೊತ್ತೊಯ್ಯುವ ದಂಡಿಗೆಯಾಗಿತ್ತು. ಗೇಣಿದಾರರು ಕೈ ಕೈ ಹಿಡಿದು ಸಾಲಾಗಿ ನಿಂತಿದ್ದರು.

"ಜೈಲಿನ ಸಂಕಟವೇ ಕಾಣ್ತಿಲ್ವಲ್ಲ" ಎಂದರು ಮೇಷ್ಟ್ರು. ಪ್ರತಿಮಾಳಿಗೆ ಅಳುವೇ ಬಂತು. ಕೆತ್ತಿ ತೆಗೆದ ಮರವನ್ನು ಮತ್ತೆ ಕೂಡಿಸುವಂತಿಲ್ಲ.

ಅಳುಕುತ್ತಲೇ ಅಜ್ಜಿಯ ಮುಂದೆ ಹಾಳೆ ಹರಡಿದಳು.

"ಯಾರ ಮದ್ವೆ ದಿಬ್ಬಣನೇ ಇದು?" ಎಂದಳು ಜಲಜಮ್ಮ.

"ದಿಬ್ಬಣ ಅಲ್ಲಜ್ಜಿ. ಮುತ್ತಜ್ಜನ್ನ ಪೊಲೀಸ್ರು ಹಿಡ್ಕಂಡು ಹೋಗಿದ್ದು. ನಂದೇ ತಪ್ಪಾಗೋಯ್ತು."

ಅಜ್ಜಿ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ತಪ್ಪು ಎಂತದು? ಹಿಂಗೇ ಹೋದ್ರು ಕಣೇ. ಅಪ್ಪ ಪದ ಹಾಡ್ತಾ ಲಾರಿ ಹತ್ತಿದ್ದ. ನಾನೂ ಬತ್ತೀನಿ ಅಂತ ಹಟ ಮಾಡಿದ್ದೆ. ಊರೋರ ಮಾತು ಕೇಳಿ ಕೇಳಿ ಅದೆಲ್ಲ ಮರ್ತೇಬಿಟ್ಟಿದ್ದೆ ನೋಡು."

ಕಣ್ಣೀರು ಒರೆಸಿಕೊಳ್ಳದೆಯೇ ಚಿತ್ರದ ಮೇಲೆ ಬಗ್ಗಿದಳು.

"ಇದ್ರಲ್ಲಿ ಅಪ್ಪ ಯಾರು?"

ಪ್ರತಿಮಾ ಎಲ್ಲರನ್ನೂ ಒಂದೇ ಥರ ಕೆತ್ತಿದ್ದಳು. ಅಜ್ಜಿ ಕಾಯಲಿಲ್ಲ, ಸಾಲಿನ ಮುಂದಿದ್ದವನ ಮೇಲೆ ಬೆರಳಿಟ್ಟಳು.

"ಇವ್ನೇ. ಒಂದು ಪ್ರದರ್ಶನಕ್ಕೆ ಕಳ್ಸು. ಇನ್ನೊಂದು ಒತ್ತಿ ಜಗಲಿಲಿ ಹಾಕು. ಇದು ಭೂತಪ್ಪನ ಮಗಳ ಮನೆ ಅಂತ ಬಂದವ್ರಿಗೆಲ್ಲ ಗೊತ್ತಾಗ್ಲಿ."