ಚಂದಾ ಬೇಡ, ಚಂದ ತನ್ನಿ

ಕಂಟೋನ್ಮೆಂಟಿನ ಶಾಲೆಗಳಲ್ಲಿ ಕನ್ನಡ ಕಲಿಸಿದವರ ಸಂಖ್ಯೆ ದೊಡ್ಡದು. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ತಮಿಳು, ಶಾಲೆಯ ಆಫೀಸಿನಲ್ಲಿ ಇಂಗ್ಲಿಷು ಆಡುವ ಮಕ್ಕಳಿಗೆ ಕನ್ನಡವನ್ನು ಪರೀಕ್ಷೆಯ ಭಾಷೆಯಾಗಿ ಮಾತ್ರವಲ್ಲದೆ ತಮ್ಮದೇ ಭಾಷೆಯಾಗಿ ಕಲಿಸಿದವರ ಸಂಖ್ಯೆ ಅಷ್ಟು ದೊಡ್ಡದಲ್ಲ. ಆ ಕೆಲವರಲ್ಲಿ ನಮ್ಮ ಪೂಜ್ಯ ಗುರುಗಳಾದ ಶ್ರೀಮತಿ ಶಂಶುನ್ನೀಸಾ ಅವರು ಒಬ್ಬರು. ಬೆನ್ಸನ್ ಟೌನಿನ ನಮ್ಮ ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಅಧ್ಯಾಪಕಿಯಾಗಿ, ಅದರಲ್ಲಿ ಬಹುಪಾಲು ವರ್ಷ ಶಾಲೆಯ ಸಹಾಯಾರ್ಥ ಡಿಸೆಂಬರ್ ಸೇಲಿನ ಸಂಚಾಲಕಿಯಾಗಿ ಸೇವೆ ಸಲ್ಲಿಸಿ ಅವರು ಈ ವರ್ಷ ನಿವೃತ್ತರಾಗಿದ್ದಾರೆ. ಈ ಅಭಿನಂದನ ಗ್ರಂಥದ ಸಂಪಾದಕಿಯೂ ನನ್ನ ಸಹಪಾಠಿಯೂ ಆದ ಸಾಮಿಯಾ, ಮೇಡಂ ಅವರ ಬೋಧನಾ ಕ್ರಮವನ್ನು ಕುರಿತು ಬರೆಯಬೇಕೆಂದು ಕೇಳಿದ್ದಳು. ನಾನು ಒಂದು ಕೌದಿಯ ಬಗ್ಗೆ ಬರೆಯುತ್ತೇನೆಂದು ಹಟ ಹಿಡಿದೆ. ಮೇಡಂ ಅವರಿಗೆ ಹೇಳಬೇಕಾದ ಒಂದು ಮಾತು ಎರಡು ವರ್ಷದಿಂದ ನನ್ನಲ್ಲೇ ಉಳಿದಿದೆ. ಎದುರಿಗೆ ನಿಂತು ಹೇಳಲು ಬಾಯಿ ಬರಲಿಲ್ಲ, ಅಚ್ಚಿನಲ್ಲಿ ಹೇಳುತ್ತಿದ್ದೇನೆ.

ನಾವು ಮರ್ಫಿ ಟೌನಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಪೀರಪ್ಪ ಕಟ್ಟಡದ ಕೆಲಸಕ್ಕೂ ಅಮ್ಮ ಜಟ್ಟೆಮ್ಮ ಇಂದಿರಾನಗರದ ಎರಡು ಮನೆಗಳ ಕೆಲಸಕ್ಕೂ ಹೋಗುತ್ತಿದ್ದರು. ಯಾದಗಿರಿ ಕಡೆಯಿಂದ ಬರುವಾಗ ಅಮ್ಮ ಒಂದು ರೊಟ್ಟಿ ಹಂಚನ್ನೂ ಒಂದು ಕೌದಿಯನ್ನೂ ತಂದಿದ್ದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದ ಹೊದಿಕೆಗೆ ನಮ್ಮ ಕಡೆ ಕೌದಿ ಎನ್ನುತ್ತಾರೆ. ಅದರ ನಡುಮಧ್ಯದಲ್ಲಿ ನನ್ನ ಅಜ್ಜಿಯ ಹಸಿರು ಇಳಕಲ್ ಸೀರೆಯ ತುಂಡಿತ್ತು. ಕೌದಿ ಹಸಿದುಕೊಂಡಿರಬಾರದೆಂದು, ಕೊನೆಯ ಮೂಲೆಯನ್ನು ಮುಚ್ಚಿ ಹೊಲಿಯುವ ಮುನ್ನ ಅಮ್ಮನ ಮನೆತನದವರು ಅದರೊಳಗೆ ನಾಲ್ಕು ಕಾಳು ಜೋಳ ಹಾಕುತ್ತಿದ್ದರು. ಮಲಗಿದಾಗ ನಾನು ಆ ಮೂಲೆಯನ್ನು ಹುಡುಕಿ ಹಿಡಿದುಕೊಂಡರೇ ನಿದ್ದೆ ಬರುತ್ತಿತ್ತು.

1998ರ ನವೆಂಬರ್ ಕೊನೆಯ ಒಂದು ಭಾನುವಾರ, ನಾನು ಎಂಟನೆಯ ತರಗತಿಯಲ್ಲಿದ್ದಾಗ, ಮೇಡಂ ನಮ್ಮ ಓಣಿಗೆ ಬಂದರು. ಜೊತೆಯಲ್ಲಿ ಶಿವಾಜಿನಗರದ ಬಟ್ಟೆ ವ್ಯಾಪಾರಿ ಇನಾಯತ್ ಉಲ್ಲಾ ಅವರಿದ್ದರು. ಸೇಲಿಗೆ ಮೇಜು, ಶಾಮಿಯಾನ, ಮೈಕು ಎಲ್ಲವೂ ಅವರ ಕಡೆಯಿಂದಲೇ. ಆ ವರ್ಷದ ಸೇಲು ನಮ್ಮ ತರಗತಿಯ ಸಾಮಿಯಾಳ ಹೃದಯದ ಶಸ್ತ್ರಚಿಕಿತ್ಸೆಗಾಗಿ ನಡೆಯಲಿತ್ತು. (ಇದನ್ನು ಬರೆಯಬಹುದೇ ಎಂದು ಕೇಳಿದಾಗ, 'ಬರಿ ಮಾರಾಯ್ತಿ, ಬದುಕಿದ್ದೀನಲ್ಲ' ಎಂದಳು ಸಾಮಿಯಾ.) ಅಮ್ಮ ಹೊಸ್ತಿಲಲ್ಲಿ ಕೂತು, ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು, ಬಿಚ್ಚಿದ ಅಂಚನ್ನು ಹೊಲಿಯುತ್ತಿದ್ದಳು. ಇನಾಯತ್ ಉಲ್ಲಾ ಅವರು ರಸೀದಿ ಪುಸ್ತಕವನ್ನು ಮುಂದಕ್ಕೆ ಚಾಚಿ, "ಚಂದಾ ಅಮ್ಮಾ, ಚಂದಾ. ಸ್ಕೂಲ್ ಬಚ್ಚಿಗೆ ಎದೆ ಆಪರೇಷನ್ ಐತೆ" ಎಂದರು.

ಅಮ್ಮ ಒಂದು ಕ್ಷಣ ಅವರ ಮುಖ ನೋಡಿದಳು, ಆಮೇಲೆ ಕೌದಿ ನೋಡಿದಳು.

"ಚಂದ ಅದ ಏನ್ರಿ?" ಎಂದಳು. "ಹಂಗಾದ್ರ ತಗೊಂಡ್ ಹೋಗ್ರಿ."

ದಾರವನ್ನು ಹಲ್ಲಿನಿಂದ ಕಡಿದು, ಕೌದಿಯನ್ನು ಮಡಚಿ ಮೇಡಂ ಅವರ ಕೈಗಿಟ್ಟಳು. ನಮ್ಮ ಕಡೆ ಸಾರ್ವಜನಿಕ ಕೆಲಸಕ್ಕೆ ಹಣ ಎತ್ತುವುದನ್ನು ಪಟ್ಟಿ ಎನ್ನುತ್ತಾರೆ. ಬೆಂಗಳೂರಿಗೆ ಬಂದು ಎರಡು ವರ್ಷವಾಗಿದ್ದ ಅಮ್ಮ, ಚಂದಾ ಎಂಬ ಮಾತು ತಿಳಿಯದೆ, ಬಂದವರು ಕೌದಿಯನ್ನು ಮೆಚ್ಚಿದರೆಂದುಕೊಂಡು ಕೊಟ್ಟುಬಿಟ್ಟಳೆಂದು ನಾನು ತಿಳಿದೆ. ಮೇಡಂ ಅವಸರದಲ್ಲಿದ್ದರು, ಇನ್ನೂ ಎಷ್ಟೋ ಮನೆ ಉಳಿದಿತ್ತು. "ತುಂಬ ಚೆನ್ನಾಗಿದೆಯಮ್ಮಾ, ಸೇಲಲ್ಲಿ ಮೊದಲು ಇದನ್ನೇ ಇಡ್ತೀನಿ" ಎಂದು ಹೇಳಿ ಹೊರಟರು. ಹೇಳಿದಂತೆಯೇ ಡಿಸೆಂಬರ್ ಮೊದಲ ಭಾನುವಾರ ಅದನ್ನು ಗೇಟಿನ ಪಕ್ಕದ ಮೊದಲ ಮೇಜಿನ ಮೇಲೆ ತೂಗುಹಾಕಿದರು. ನಾನು ಹೆಮ್ಮೆಯಿಂದ ಅದರ ಮುಂದೆ ನಾಲ್ಕು ಸಲ ಓಡಾಡಿದೆ. ಐದನೆಯ ಸಲ ಹೋದಾಗ ಅದಿರಲಿಲ್ಲ. ಯಾರೋ ಕಾರಿನಲ್ಲಿ ಬಂದವರು ಕೊಂಡುಹೋಗಿದ್ದರು.

ಜನವರಿಯಲ್ಲಿ ಮೇಡಂ 'ನಮ್ಮ ಮನೆ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಿಸಿದರು. ನಾನು ರೊಟ್ಟಿ ಹಂಚಿನ ಬಗ್ಗೆ, ಮಾಲೀಕರ ನಾಯಿಯ ಬಗ್ಗೆ ಬರೆದು, ಪುಟ ತುಂಬಲಿಲ್ಲವೆಂದು, 'ನಮ್ಮ ಮನೆಯಲ್ಲಿ ಒಂದು ಕೌದಿ ಇತ್ತು, ಅದರಲ್ಲಿ ಮೂವರೂ ಮಲಗುತ್ತಿದ್ದೆವು, ಅದನ್ನು ಮೇಡಂ ತೆಗೆದುಕೊಂಡು ಹೋದರು' ಎಂದೂ ಸೇರಿಸಿದೆ. ದೂರು ಹೇಳಬೇಕೆಂದಿರಲಿಲ್ಲ, ಪುಟ ತುಂಬಬೇಕಿತ್ತು ಅಷ್ಟೇ.

ಅವತ್ತೇ ಸಂಜೆ ಅವರು ಎರಡು ಕಂಬಳಿ ಹಿಡಿದು ಒಬ್ಬರೇ ನಮ್ಮ ಮನೆಗೆ ಬಂದರು. ಹೊಸ್ತಿಲಲ್ಲೇ ನಿಂತು, "ಅಮ್ಮಾ, ನಾನು ಕನ್ನಡ ಟೀಚರ್. ಚಂದಕ್ಕಿಂತ ಚಂದಾಗೆ ಒಂದು ದೀರ್ಘ ಜಾಸ್ತಿ. ಆ ದೀರ್ಘ ನಿಮಗೆ ಕೇಳಿಸ್ಲಿಲ್ಲ ಅನ್ನೋದು ನನಗಾದ್ರೂ ಗೊತ್ತಾಗ್ಬೇಕಿತ್ತು. ಅವಸರದಲ್ಲಿ ನಿಮ್ಮನೆ ಹೊದಿಕೆ ಕಿತ್ಕೊಂಡು ಹೋಗ್ಬಿಟ್ಟೆ" ಎಂದರು. ಹೇಳುತ್ತಾ ಅವರ ಕಣ್ಣು ತುಂಬಿತು. ಅಮ್ಮ ತಲೆಯೆತ್ತದೆ, "ಕೊಟ್ಟದ್ದು ಕೊಟ್ಟದ್ದ್ರಿ" ಎಂದಷ್ಟೇ ಹೇಳಿ ಚಹಾ ಇಟ್ಟಳು. ಕಂಬಳಿಗಳನ್ನು ಮುಟ್ಟಲಿಲ್ಲ. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು: ಇನಾಯತ್ ಉಲ್ಲಾ ಅವರ ಅಂಗಡಿಯ ತುಂಡು ಬಟ್ಟೆಗಳನ್ನು ಮೇಡಂ ತಂದುಕೊಡುವುದು, ಅಮ್ಮ ಮೊದಲು ಮನೆಗೊಂದು ಕೌದಿ, ಆಮೇಲೆ ಸೇಲಿಗೊಂದು ಕೌದಿ ಹೊಲಿಯುವುದು.

ಮರುವರ್ಷದಿಂದ ರಸೀದಿ ಪುಸ್ತಕ ಬೀರುವಿನಿಂದ ಹೊರಗೆ ಬರಲಿಲ್ಲ. ಯಾರ ಬಾಗಿಲಲ್ಲೂ ನಿಂತು ಹಣ ಕೇಳಕೂಡದು, ಅವರವರ ಕೈಯಲ್ಲಿ ಚಂದವಾಗಿ ಆಗುವುದೇನಿದೆಯೋ ಅದನ್ನು ತಂದುಕೊಟ್ಟರೆ ಸಾಕು ಎಂದು ಮೇಡಂ ನಿಯಮ ಮಾಡಿದರು. 'ಚಂದಾ ಬೇಡ, ಚಂದ ತನ್ನಿ' ಎಂದು ಗೇಟಿನ ಕರಿಹಲಗೆಯ ಮೇಲೆ ತಮ್ಮ ದುಂಡು ಅಕ್ಷರದಲ್ಲಿ ಬರೆದರು. ಬೆನ್ಸನ್ ಟೌನಿನಿಂದ ಕ್ರಿಸ್‌ಮಸ್ಸಿನ ಸಿಹಿತಿಂಡಿ ಕಲ್‌ಕಲ್, ಹಲಸೂರಿನಿಂದ ಮುರುಕು, ಶಿವಾಜಿನಗರದ ಮನೆಗಳಿಂದ ಬಿರಿಯಾನಿಯ ಹಂಡೆಗಳು, ನಮ್ಮಮ್ಮನ ಕೌದಿ ಮತ್ತು ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ. ಕಳೆದುಹೋದ ಮಕ್ಕಳನ್ನು ಇನಾಯತ್ ಉಲ್ಲಾ ಅವರು ಮೈಕಿನಲ್ಲಿ ಮೂರು ಭಾಷೆಯಲ್ಲಿ ಕೂಗುತ್ತಿದ್ದರು. ಮೂರರಲ್ಲೂ ಹೆಸರನ್ನು ತಪ್ಪಾಗಿ ಹೇಳುತ್ತಿದ್ದುದರಿಂದ ಮಕ್ಕಳು ತಾವಾಗಿಯೇ ಮನೆಯವರನ್ನು ಹುಡುಕಿಕೊಳ್ಳಬೇಕಾಗುತ್ತಿತ್ತು.

ತರಗತಿಯಲ್ಲಿಯೂ ಮೇಡಂ ಹಾಗೆಯೇ. ನನ್ನ ಊರಿನ ಮಾತು ಪ್ರಬಂಧದಲ್ಲಿ ನುಸುಳಿದರೆ ಅವರು ಎಂದೂ ತಪ್ಪು ಎಂದು ಗೀಚಲಿಲ್ಲ. 'ಚಂದ ಇದೆ, ಪರೀಕ್ಷೆಯಲ್ಲಿ ಬೇಡ' ಎಂದು ಬದಿಯಲ್ಲಿ ಬರೆಯುತ್ತಿದ್ದರು. ನಮ್ಮ ಕೋಣೆಯಲ್ಲಿ ಓದಲು ಜಾಗವಿಲ್ಲವೆಂದು ತಿಳಿದು, ಹತ್ತನೆಯ ತರಗತಿಯ ಇಡೀ ವರ್ಷ ಸಂಜೆ ಏಳರವರೆಗೆ ಒಂದು ಕೊಠಡಿಯನ್ನು ತೆರೆಸಿ, ತಾವೂ ಒಂದು ಮೂಲೆಯಲ್ಲಿ ಪುಸ್ತಕ ತಿದ್ದುತ್ತಾ ಕೂರುತ್ತಿದ್ದರು. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವ ಹೊತ್ತಾದರೆ ಅಲ್ಲಿಯೇ ಮೊದಲು ನಮಗೆ ಖರ್ಜೂರ ಹಂಚಿ, ತಾವೂ ತಿಂದು, ನೀರು ಕುಡಿದು ಮತ್ತೆ ಕೆಂಪು ಪೆನ್ನು ಹಿಡಿಯುತ್ತಿದ್ದರು. ಇಂದು ನಾನು ಕೆ.ಆರ್.ಪುರದ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೇನೆಂದರೆ ಅದು ಆ ಸಂಜೆಗಳ ಋಣ.

ಆದರೆ ಆ ಕೌದಿಯನ್ನು ಅವರು ಮರೆಯಲಿಲ್ಲ. ಕಾರಿನವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಬೆನ್ಸನ್ ಟೌನಿನ ಒಂದು ಬಾಲ್ಕನಿಯಲ್ಲಿ ಬಣ್ಣದ ಹೊದಿಕೆ ಕಂಡು ಗಂಟೆ ಒತ್ತಿ, ಗುರುತು ಪರಿಚಯವಿಲ್ಲದ ಹೆಂಗಸಿನ ಹತ್ತಿರ ಜೋಳದ ಕಾಳಿಗಾಗಿ ಅದರ ಮೂಲೆ ಮುಟ್ಟಿ ನೋಡಲೇ ಎಂದು ಕೇಳಿದ್ದರಂತೆ. ಆಕೆ ಗಾಬರಿಯಾಗಿ ಗಂಡನನ್ನು ಕರೆದಳಂತೆ. ಒಮ್ಮೆ ನಾನೇ ಜೊತೆಯಲ್ಲಿದ್ದೆ. ಹಲಸೂರಿನಲ್ಲಿ ಬಸ್ಸು ನಿಂತಾಗ ಒಂದು ತಾರಸಿಯ ತಂತಿಯ ಮೇಲೆ ಹಸಿರು ಕಾಣಿಸಿತು. ನಮ್ಮ ನಿಲ್ದಾಣ ಇನ್ನೂ ದೂರವಿದ್ದರೂ ಇಳಿದು, ಅಪರಿಚಿತರ ಮೂರು ಮಹಡಿ ಹತ್ತಿದರು. ಹೊಸ ಬೆಡ್‌ಶೀಟು ಅದು. "ಅದಲ್ಲ ರಾಜೇಶ್ವರಿ" ಎಂದು ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆ ಕೂತರು. "ನಿಮ್ಮಮ್ಮನ ಮುಂದೆ ಹೋದಾಗೆಲ್ಲ ನನಗೆ ಕೈ ಖಾಲಿ ಅನ್ಸುತ್ತೆ."

ಸೇಲು ನಿಂತು ಈಗ ಐದು ವರ್ಷದ ಮೇಲಾಯಿತು. ಸೋಂಕಿನ ವರ್ಷ ನಿಂತದ್ದು ಮತ್ತೆ ಶುರುವಾಗಲಿಲ್ಲ. ಅಂಗಳದಲ್ಲಿ ಹೊಸ ಕಟ್ಟಡ ಎದ್ದಿದೆ, ಇನಾಯತ್ ಉಲ್ಲಾ ಅವರು ತೀರಿಕೊಂಡರು, ಮೇಜುಗಳು ಎಲ್ಲಿ ಹೋದವೋ. ಈಗ ಕಾಯಿಲೆಯ ಮಗುವಿನ ಫೋಟೊ ಫೋನಿಗೆ ಬರುತ್ತದೆ, ಬೆರಳು ಒತ್ತಿದರೆ ಹಣ ಹೋಗುತ್ತದೆ. ಇಂದಿರಾನಗರದಲ್ಲಿ ಒಂದೇ ಬಣ್ಣದ ಟೀ ಶರ್ಟು ತೊಟ್ಟು ದಾನಕ್ಕಾಗಿ ಓಡುತ್ತಾರೆ, ಕೊಟ್ಟವರ ಮುಖಗಳು ಬ್ಯಾನರಿನಲ್ಲಿ ಕೊಡದವರನ್ನು ನೋಡಿ ನಗುತ್ತವೆ. ಇದರಿಂದಲೂ ಮಕ್ಕಳು ಬದುಕುತ್ತಾರೆ, ಹಳಿಯಬಾರದು. ಆದರೂ ಸ್ವಲ್ಪ ಹಳಿಯುತ್ತೇನೆ. ನನಗೆ ಆ ಡಿಸೆಂಬರ್ ಬೇಕು. ಹಂಡೆಯ ಮುಚ್ಚಳ ತೆಗೆದಾಗಿನ ಆ ಹಬೆ, ತಪ್ಪು ಹೆಸರು ಕೂಗುವ ಆ ಮೈಕು, ಮೇಜಿನ ಹಿಂದೆ ಸೆರಗು ಹೊದ್ದು ಯಾರಿಗೂ ಕಡಿಮೆಯಿಲ್ಲದಂತೆ ನಿಂತ ನನ್ನ ಅಮ್ಮ ಬೇಕು. ವರ್ಷದ ಉಳಿದ ದಿನಗಳಲ್ಲಿ ಪರರ ಅಡುಗೆಮನೆಯಲ್ಲಿ ತಲೆ ತಗ್ಗಿಸಿ ದುಡಿಯುತ್ತಿದ್ದವಳು ಅವತ್ತು ಮಾತ್ರ ಕೊಡುವವಳಾಗಿ ನಿಲ್ಲುತ್ತಿದ್ದಳು.

ಅಮ್ಮ ಎರಡು ವರ್ಷದ ಹಿಂದೆ ಹೋದಳು. ಅದಕ್ಕೆ ಒಂದು ತಿಂಗಳು ಮುಂಚೆ, ಅವಳನ್ನು ನಗಿಸಲೆಂದು, ಮೇಡಂ ಬಸ್ಸಿಳಿದು ತಾರಸಿ ಹತ್ತಿದ ಕಥೆಯನ್ನು ಮತ್ತೊಮ್ಮೆ ಹೇಳಿದೆ. ಅವಳು ನಗಲಿಲ್ಲ.

"ನನಗ ಗೊತ್ತಿತ್ತವಾ" ಎಂದಳು. "ಚಂದಾ ಅಂದ್ರ ಪಟ್ಟಿ ಅಂತ. ಕೆಲಸದ ಮನಿಗೂ ಕೇಳಾಕ ಬರ್ತಿದ್ರಲ್ಲ."

ಹಾಗಾದರೆ ಯಾಕೆ ಕೌದಿ ಕೊಟ್ಟೆ ಎಂದು ಕೇಳಿದೆ.

"ನಿಮ್ಮಪ್ಪನ ಕೆಲಸ ನಿಂತು ಹದಿನೈದು ದಿನ ಆಗಿತ್ತು. ಮನ್ಯಾಗ ರೊಕ್ಕ ಇರ್ಲಿಲ್ಲ. ಕೂಸಿನ ಎದಿ ಆಪರೇಷನ್ ಅಂದ್ರು. ಇಲ್ಲ ಅನ್ನಾಕ ಬಾಯಿ ಬರ್ಲಿಲ್ಲ. ಕೌದಿ ಕೊಡ್ತೀನಿ ಅಂದ್ರ ತಗೋತಿರ್ಲಿಲ್ಲ ಆಕಿ. ಅದಕ್ಕ ತಿಳೀದಾಕಿ ಹಂಗ ಮಾಡಿದೆ."

ಆಮೇಲೆ, "ಪಾಪ, ಆಕಿ ಎಷ್ಟು ಹುಡುಕಿದ್ಳು. ನಾ ಹೋದ ಮ್ಯಾಲ ಹೇಳು. ಈಗ ಹೇಳಿದ್ರ ನನಗ ನಾಚಿಕಿ" ಎಂದಳು.

ಅಮ್ಮ ಹೋದ ಮೇಲೆ ಎಷ್ಟೋ ಸಲ ಹೇಳಲು ಹೋದೆ. ಈ ಏಪ್ರಿಲ್‌ನಲ್ಲಿ, ಬೀಳ್ಕೊಡುಗೆಯ ದಿನ, ಸ್ಟಾಫ್ ರೂಮಿನಲ್ಲಿ ಮೇಡಂ ನನ್ನ ಕೈಗೊಂದು ಗಂಟು ಕೊಟ್ಟರು. ತಮ್ಮ ತಾಯಿಯ ಬಿಳಿ ದುಪಟ್ಟಾ, ಶಾಲೆಗೆ ಮೊದಲ ದಿನ ಉಟ್ಟು ಬಂದಿದ್ದ ನೀಲಿ ಸೀರೆ ಅದರಲ್ಲಿದ್ದವು. "ಅದು ಸಿಗ್ಲಿಲ್ಲ ರಾಜೇಶ್ವರಿ. ನನ್ನ ಕೈಲಿ ಆಗ್ಲಿಲ್ಲ. ಇದ್ರಲ್ಲಿ ನೀನೊಂದು ಹೊಲಿ, ನಿಮ್ಮನೇಲಿರ್ಲಿ. ನನ್ನ ಸಮಾಧಾನಕ್ಕೆ" ಎಂದರು. ನನಗೆ ಹೊಲಿಯಲು ಬಾರದು. ಅಮ್ಮ ಕಲಿಸಲು ಬಂದಾಗಲೆಲ್ಲ ಓದುವ ನೆಪ ಹೇಳಿ ತಪ್ಪಿಸಿಕೊಂಡವಳು ನಾನು. ಅದನ್ನೂ ಹೇಳಲಿಲ್ಲ, ಇದನ್ನೂ ಹೇಳಲಿಲ್ಲ. ಗಂಟು ಹಿಡಿದು ಅತ್ತುಬಿಟ್ಟೆ.

ಮೇಡಂ, ಈಗ ಹೇಳುತ್ತೇನೆ. ನೀವು ಕಿತ್ತುಕೊಂಡು ಹೋಗಲಿಲ್ಲ, ನಮ್ಮಮ್ಮ ಕೊಟ್ಟಳು. ನಿಮ್ಮ ದೀರ್ಘ ಅವಳಿಗೆ ಸರಿಯಾಗಿಯೇ ಕೇಳಿಸಿತ್ತು. ಸಾಮಿಯಾ ಬದುಕಲೆಂದು ತಿಳಿದೇ ಕೊಟ್ಟದ್ದು ಅದು, ಸಾಮಿಯಾ ಬದುಕಿ ಈ ಪುಟದ ಕರಡು ತಿದ್ದುತ್ತಿದ್ದಾಳೆ. ಇನ್ನು ಮುಂದೆ ಬಾಲ್ಕನಿಯಲ್ಲಿ ಕೌದಿ ಕಂಡರೆ ನೋಡಿ ಮುಂದೆ ನಡೆಯಿರಿ, ಗಂಟೆ ಒತ್ತಬೇಡಿ.

ಇಂಥ ಗ್ರಂಥದಲ್ಲಿ ಕೊನೆಗೆ ದೀರ್ಘಾಯುಷ್ಯ ಕೋರುವುದು ವಾಡಿಕೆ. ನಿಮ್ಮ ವಿದ್ಯಾರ್ಥಿನಿಯಾಗಿ ಅದರ ದೀರ್ಘವನ್ನು ನುಂಗದೆ ಹೇಳುತ್ತೇನೆ. ಭಾನುವಾರಗಳಲ್ಲಿ ನಿಮ್ಮ ನೀಲಿ ಸೀರೆಯನ್ನು ಹೊಲಿಯುತ್ತಿದ್ದೇನೆ. ಒಂದು ಗೇಣು ಹೊಲಿದು ಅರ್ಧ ಗೇಣು ಬಿಚ್ಚುತ್ತೇನೆ. ಸೇಲು ಮತ್ತೆ ನಡೆಯಬೇಕು, ಗೇಟಿನ ಹಲಗೆಯ ಮೇಲೆ ನೀವೇ ಬರೆಯಬೇಕು, ಮೊದಲ ಮೇಜಿನ ಮೇಲೆ ಈ ಕೌದಿ ಇರಬೇಕು, ಮಾರಾಟಕ್ಕಲ್ಲ. ಕೊನೆಯ ಮೂಲೆಗೆ ಹಾಕುವ ನಾಲ್ಕು ಕಾಳು ಜೋಳವನ್ನು ತೆಗೆದಿಟ್ಟಿದ್ದೇನೆ, ಅದನ್ನು ನೀವೇ ಬಂದು ಹಾಕಬೇಕು. ನನ್ನ ಕೈ ಬಹಳ ನಿಧಾನ, ಮೇಡಂ. ನೀವು ಬಹಳ ವರ್ಷ ಕಾಯಬೇಕಾಗುತ್ತದೆ.