ಏಳನೇ ಕೋಣೆಯ ಅಜ್ಜಿಯ ಹಲ್ಲು

ರಜೆ ಶುರುವಾದ ಮೂರೇ ದಿನಕ್ಕೆ ಹಾಸ್ಟೆಲ್ ಭಣಭಣ ಅನ್ನತೊಡಗಿತು. ಪರದೇಶಕ್ಕೆ ಓದಲು ಬಂದ ಮೊದಲ ವರ್ಷ, ಊರಿಗೆ ಹೋಗಿಬರುವ ಮಾತು ದೂರ. ಖಾಲಿ ಕೋಣೆಯಲ್ಲಿ ಗೋಡೆ ನೋಡುತ್ತ ಕೂತರೆ ಹುಚ್ಚು ಹಿಡಿದೀತೆಂದು ಹುಡುಗಿ ಎರಡು ಬೀದಿ ಆಚೆಯ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿಕೊಂಡಳು. ಒಣಗಿಸುವ ಯಂತ್ರದಿಂದ ಬಿಸಿಬಿಸಿ ಹೊರಬಂದ ಬೆಡ್‌ಶೀಟು ಮಡಚುವುದು, ಗಾಡಿ ತಳ್ಳಿಕೊಂಡು ಹೋಗಿ ಕೋಣೆಕೋಣೆಗೂ ಕೊಡುವುದು.

"ಏಳನೇ ಕೋಣೆ ಅಜ್ಜಿ ಸುಮ್ನೆ ಬಡಬಡಿಸ್ತಾರೆ, ಹೆದರ್ಕೋಬೇಡ. ಲಕ್ವ ಹೊಡೆದಾಗಿನಿಂದ ಅವರ ಮಾತಿಗೆ ತಲೆಬುಡ ಇಲ್ಲ," ಎಂದು ಹೆಡ್ ನರ್ಸ್ ಮೊದಲ ದಿನವೇ ಇಲ್ಲಿನ ಭಾಷೆಯಲ್ಲಿ ಎಚ್ಚರಿಸಿದ್ದಳು.

ಹುಡುಗಿ ಒಳಗೆ ಹೋದಾಗ ಅಜ್ಜಿ ಗೋಡೆಗೆ ಮುಖಮಾಡಿ ಮಲಗಿತ್ತು.

"ಯಾರ್ದೋ ಹಲ್ಲು ತಂದು ನನ್ನ ಬಾಯಿಗೆ ತುರುಕಿದಾರಲ್ಲ, ಇವರ ಮನೆ ಹಾಳಾಗ!"

ಕೈಲಿದ್ದ ಬೆಡ್‌ಶೀಟುಗಳು ದೊಪ್ಪನೆ ಬಿದ್ದವು. ಅಪ್ಪಟ ಕನ್ನಡ!

"ಅಜ್ಜೀ... ಏನಂದ್ರಿ?"

ಅಜ್ಜಿ ಗಕ್ಕನೆ ತಿರುಗಿತು. "ನನ್ನ ಮಾತು... ನಿಂಗೆ ಅರ್ಥ ಆಗುತ್ತಾ?"

"ಆಗುತ್ತೆ ಅಜ್ಜಿ."

ಅಜ್ಜಿ ಅವಳ ಮಣಿಕಟ್ಟು ಹಿಡಿದದ್ದು ಬಿಡಲೇ ಇಲ್ಲ. "ಇದು ನನ್ನ ಹಲ್ಲಲ್ಲ ಕಣೇ ತಾಯಿ. ಅಗೋ, ಅವಳದ್ದು!" ಎಂದು ಪಕ್ಕದ ಮಂಚದ ಮುದುಕಿಯನ್ನು ತೋರಿಸಿತು.

ಇದು ಅರಳುಮರಳೇ ಇರಬೇಕೆಂದು ಹುಡುಗಿಗೂ ಒಂದು ಕ್ಷಣ ಅನ್ನಿಸಿತು. ಆದರೂ ಹೆಡ್ ನರ್ಸನ್ನು ಕರೆತಂದು ಅಜ್ಜಿಯ ಮಾತನ್ನು ತಿಳಿಸಿದಳು. ನರ್ಸ್ ಗೊಣಗುತ್ತಲೇ ಹಲ್ಲಿನ ಸೆಟ್ಟು ತೆಗೆದಳು. ಒಸಡಿನ ತುಂಬ ಹುಣ್ಣು. ಸೆಟ್ಟನ್ನು ಬೆಳಕಿಗೆ ಹಿಡಿದರೆ ಒಳಮೈಯಲ್ಲಿ ಕೊರೆದಿದ್ದ ನಂಬರು ಪಕ್ಕದ ಮಂಚದ್ದು! ಆ ಮುದುಕಿಯ ಡಬ್ಬಿಯಲ್ಲಿ, ಸಡಿಲವೆಂದು ಬಳಸದೆ ಬಿಟ್ಟಿದ್ದದ್ದು ಅಜ್ಜಿಯ ಸೆಟ್ಟು.

ನರ್ಸ್ ಮಂಚದ ಅಂಚಿನಲ್ಲಿ ಕುಸಿದು ಕೂತಳು. "ನಾಲ್ಕು ತಿಂಗಳಿಂದ ಇದನ್ನೇ ಹೇಳ್ತಿದ್ರಾ? ದಿನಾ ಬೆಳಗ್ಗೆ ನಾನೇ ಅಲ್ವಾ ಹಾಕ್ತಿದ್ದದ್ದು..."

ಮಧ್ಯಾಹ್ನ ಅಜ್ಜಿಯ ಮಗಳಿಗೆ ಫೋನು ಹೋಯಿತು. ಐವತ್ತು ವರ್ಷದ ಹಿಂದೆ ಮದುವೆಯಾಗಿ ಈ ದೇಶಕ್ಕೆ ಬಂದ ಅಜ್ಜಿ ಮನೆಯಲ್ಲೂ ಇಲ್ಲಿನ ಭಾಷೆಯನ್ನೇ ಆಡುತ್ತಿತ್ತಂತೆ. ಲಕ್ವ ಆ ಭಾಷೆಯನ್ನಷ್ಟೇ ಒರೆಸಿಹಾಕಿತ್ತು.

ಮಗಳು, "ಅಮ್ಮ ಹೀಗೆ ಆಡೋದು ಫೋನಲ್ಲಿ ಎಷ್ಟೋ ಸಲ ಕೇಳಿದ್ದೆ. ಅದೊಂದು ಭಾಷೆ ಅಂತಾನೇ ಗೊತ್ತಾಗ್ಲಿಲ್ಲ," ಎಂದಳು.

ಹುಣ್ಣು ಮಾಯಲು ಎಂಟು ದಿನ ಹಿಡಿಯಿತು. ನೋವು, ನೀರು, ಚಳಿ, ಬೇಡ ಎಂಬ ಕನ್ನಡ ಪದಗಳನ್ನು ಹುಡುಗಿ ಇಲ್ಲಿನ ಲಿಪಿಯಲ್ಲಿ ಅರ್ಥದ ಸಮೇತ ಬರೆದು ಮಂಚದ ತಲೆಗೆ ಅಂಟಿಸಿದಳು. ನರ್ಸ್ "ನೋಹು?" ಎಂದು ಕೇಳಿದಾಗ ಅಜ್ಜಿ, "ಇವಳ ನಾಲಗೆಗೆ ಬಡ್ಕೋಬೇಕು!" ಎಂದು ಕಿಸಕ್ಕನೆ ನಕ್ಕಿತು.

ಹನ್ನೆರಡನೇ ಕೋಣೆಯಲ್ಲೊಬ್ಬ ತಾತ. ಹುಡುಗಿಗೂ ತಿಳಿಯದ ಯಾವುದೋ ಭಾಷೆಯಲ್ಲಿ ಅವನು ಗೊಣಗುತ್ತಿದ್ದರೆ ಬೆಡ್‌ಶೀಟು ಇಟ್ಟು ಬಂದುಬಿಡುವುದು ಅವಳ ರೂಢಿಯಾಗಿತ್ತು. ರಜೆ ಮುಗಿಯುವ ಹಿಂದಿನ ದಿನ ಅವಳು ಗಾಡಿಯನ್ನು ಬಾಗಿಲಲ್ಲೇ ಬಿಟ್ಟು, ಕುರ್ಚಿ ಎಳೆದುಕೊಂಡು, ಅವನ ಬಾಯಿಯನ್ನೇ ನೋಡುತ್ತ ಕೂತಳು.