ನಾಗಲದಿನ್ನೆಯ ಸುಂಕಣ್ಣ ಮದ್ರಾಸು ನೋಡಿದ್ದು

ನಾಗಲದಿನ್ನೆಯ ಹತ್ತಿರ ತುಂಗಭದ್ರೆ ಅಗಲವಾಗಿ ಹರಿಯುತ್ತಾಳೆ. ಆ ಕಾಲಕ್ಕೆ ಈಚೆ ದಡ ಮದ್ರಾಸು ಸರ್ಕಾರದ್ದು, ಆಚೆ ದಡ ಹೈದರಾಬಾದಿನದು. ಸರ್ಕಾರ ಎರಡಾದರೂ ಬೀಗತನ, ವ್ಯಾಪಾರ, ಹರಕೆ ಎಲ್ಲ ಎರಡೂ ಕಡೆ ಇದ್ದುದರಿಂದ ಬೆಸ್ತರ ಸುಂಕಣ್ಣನ ಹರಿಗೋಲಿಗೆ ಬಿಡುವಿರಲಿಲ್ಲ. ನಲವತ್ತರ ಆಸುಪಾಸಿನ ಗಿಡ್ಡ ಆಳು. ಮಾತು ಕಡಿಮೆ. ಹನ್ನೆರಡನೆಯ ವಯಸ್ಸಿಗೆ ಅಪ್ಪನ ಕೈಯಿಂದ ಹುಟ್ಟು ಇಸಿದುಕೊಂಡವನು ಅಂದಿನಿಂದ ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಓಡಾಡಿದ್ದೇ ಓಡಾಡಿದ್ದು. ನದಿಯನ್ನು ಅಡ್ಡಡ್ಡ ಎಷ್ಟು ಸಾವಿರ ಸಲ ದಾಟಿದ್ದನೋ, ಉದ್ದಕ್ಕೆ ಮಾತ್ರ ಹತ್ತಿರದ ಮಾಧವರಂ ಊರಿನ ಆಚೆಗೆ ಹೋದವನಲ್ಲ.

ಪ್ರವಾಹ ಬಂದಾಗ ನೀರಿನಲ್ಲಿ ಏನೇನೋ ತೇಲಿ ಹೋಗುತ್ತಿತ್ತು. ಬೇರುಸಮೇತ ಮರಗಳು, ಕುಂಬಳಕಾಯಿ, ಬಣವೆಯ ತಲೆ, ಒಮ್ಮೆ ಬಣ್ಣದ ತೊಟ್ಟಿಲು. ಸುಂಕಣ್ಣ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಅವು ಕಣ್ಮರೆಯಾಗುವ ತನಕ ನೋಡುತ್ತಿದ್ದ. ಎಲ್ಲ ಎಲ್ಲಿಗೆ ಹೋಗಿ ಮುಟ್ಟುತ್ತವೆ ಎಂದು ಹೆಂಡತಿ ಶೇಷಮ್ಮನನ್ನು ಕೇಳಿದರೆ, ಆಕೆ ಮೊದಲು ಊಟಕ್ಕೆ ಬಾ ಎನ್ನುತ್ತಿದ್ದಳು.

ಐವತ್ತೊಂದರ ಶ್ರಾವಣದಲ್ಲಿ ಆದವಾನಿಯ ಹತ್ತಿ ಸಾಹುಕಾರ ಕೊಟ್ರಬಸಪ್ಪ ಹೆಂಡತಿ ಅಂಬಮ್ಮನ ಜೊತೆ ಆಚೆ ದಡದ ಬೀಗರ ಮನೆಗೆ ಹೊರಟಿದ್ದ. ನೀರು ಇನ್ನೂ ಇಳಿದಿಲ್ಲ, ಎರಡು ದಿನ ತಡೆಯಿರಿ ಎಂದು ಸುಂಕಣ್ಣ ಹೇಳಿ ನೋಡಿದ. ಸಾಹುಕಾರ ಕೇಳಲಿಲ್ಲ. ನಡುನೀರಿನಲ್ಲಿ ಮುಳುಗಿ ಬರುತ್ತಿದ್ದ ಜಾಲಿಯ ಬೊಡ್ಡೆಯೊಂದು ಹರಿಗೋಲಿಗೆ ಬಡಿಯಿತು. ಹರಿಗೋಲು ಬುಗುರಿಯಂತೆ ತಿರುಗಿ ಒಂದು ಕಡೆ ವಾಲಿದಾಗ ಅಂಬಮ್ಮ ನೀರಿಗೆ ಬಿದ್ದಳು. ಸುಂಕಣ್ಣ ಹುಟ್ಟನ್ನು ಸಾಹುಕಾರನ ಕೈಗೆ ತುರುಕಿ, ಸುಮ್ಮನೆ ಹಿಡಿದುಕೊಂಡು ಕೂತಿರಿ ಎಂದು ಹಾರಿಬಿಟ್ಟ. ಕೆಂಪು ನೀರಿನಲ್ಲಿ ಕಣ್ಣು ಕಾಣಿಸದೆ ಕೈಯಾಡಿಸಿ ಆಕೆಯ ತುರುಬು ಹಿಡಿದ. ಅರ್ಧ ಹರಿದಾರಿ ಕೆಳಗೆ ಒಂದು ಬಂಡೆಗೆ ಇಬ್ಬರೂ ಆತುಕೊಂಡರು. ಹರಿಗೋಲು ಅದರ ಪಾಡಿಗೆ ಮರಳದಿನ್ನೆಗೆ ಹತ್ತಿ ನಿಂತಿತ್ತು. ಅದರೊಳಗೆ ಸಾಹುಕಾರ ಹುಟ್ಟನ್ನು ಎದೆಗವಚಿಕೊಂಡು ಹಾಗೆಯೇ ಕೂತಿದ್ದ.

ತಿಂಗಳಾದ ಮೇಲೆ ಸುಂಕಣ್ಣನಿಗೆ ಆದವಾನಿಯಿಂದ ಕರೆ ಬಂತು. ಹತ್ತಿಯ ಅಂಡಿಗೆಗಳ ನಡುವೆ ಗಾದಿಯ ಮೇಲೆ ಕೂತಿದ್ದ ಕೊಟ್ರಬಸಪ್ಪ, ಹೊಲ ಬೇಕೋ, ಎತ್ತಿನ ಜೋಡಿ ಬೇಕೋ, ಬಾಯಿಬಿಟ್ಟು ಕೇಳು ಎಂದ. ಸುಂಕಣ್ಣ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡ. ಒಳಬಾಗಿಲಲ್ಲಿ ಅಂಬಮ್ಮ ನಿಂತಿದ್ದಳು.

“ಸಾವ್ಕಾರ್ರೆ, ನಮ್ಮ ಹೊಳಿ ನೀರು ಎಲ್ಲಿಗಿ ಹೋಗಿ ಮುಟ್ಟತೈತಿ, ಅದನ್ನ ಒಮ್ಮಿ ನೋಡಬೇಕ್ರಿ,” ಎಂದ ಸುಂಕಣ್ಣ.

ಸಾಹುಕಾರನಿಗೆ ನಗು ಬಂತು. ಅಂಬಮ್ಮ ನಗಲಿಲ್ಲ. “ಆತ ಕೇಳ್ಯಾನಲ್ರಿ, ತೋರಸ್ರಿ,” ಎಂದಳು.

ಸಾಹುಕಾರನ ಗುಮಾಸ್ತ ಚಂದ್ರಣ್ಣ ಹತ್ತಿಯ ಮಾದರಿ ತೆಗೆದುಕೊಂಡು ಮದ್ರಾಸಿಗೆ ಆಗಾಗ ಹೋಗುತ್ತಿದ್ದ. ತುಂಗಭದ್ರೆ ಕೃಷ್ಣೆಗೆ ಸೇರುತ್ತದೆ, ಕೃಷ್ಣೆ ಬಂದರು ಎಂಬ ಊರಿನ ಹತ್ತಿರ ಸಮುದ್ರಕ್ಕೆ ಬೀಳುತ್ತದೆ, ಮದ್ರಾಸಿನಲ್ಲಿರುವುದೂ ಅದೇ ಸಮುದ್ರ ಎಂದು ಅವನು ಬಿಡಿಸಿ ಹೇಳಿದ. ಸಂಕ್ರಾಂತಿ ಕಳೆದ ಮೇಲೆ ಇಬ್ಬರೂ ಆದವಾನಿಯಲ್ಲಿ ಮೇಲ್ ಗಾಡಿ ಹತ್ತಿದರು. ಅಂಬಮ್ಮ ಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಸುಂಕಣ್ಣನ ತೊಡೆಯ ಮೇಲಿತ್ತು.

ಮದ್ರಾಸು ಸೆಂಟ್ರಲ್‌ನಲ್ಲಿ ಇಳಿದವನು ಮೊದಲು ಮೇಲೆ ನೋಡಿದ. ಅಷ್ಟೆತ್ತರದ ಮಾಡಿನ ಕೆಳಗೆ ನಮ್ಮೂರೂ ಪಕ್ಕದೂರೂ ಮಲಗಬಹುದು ಎನಿಸಿತು. ಹೊರಗೆ ಬಂದರೆ ರಸ್ತೆಯ ನಡುವೆ ಹಳಿಯ ಮೇಲೆ ಟ್ರಾಮು ಗಂಟೆ ಬಾರಿಸುತ್ತ ಬರುತ್ತಿತ್ತು. ಎಳೆಯುವ ಎತ್ತಿಲ್ಲ, ಕುದುರೆಯಿಲ್ಲ, ಹೊಗೆಯೂ ಇಲ್ಲ. ಚಂದ್ರಣ್ಣ ಅವನನ್ನು ಅದರೊಳಗೆ ಕೂರಿಸಿದ. ಸುಂಕಣ್ಣ ಕಿಟಕಿಯಾಚೆ ಬಾಗಿ ಚಕ್ರವನ್ನೇ ನೋಡುತ್ತಿದ್ದುದರಿಂದ ಹೈಕೋರ್ಟಿನ ಕೆಂಪು ಗುಮ್ಮಟಗಳು ಅರ್ಧ ದಾಟಿಹೋದ ಮೇಲೆ ಕಂಡವು. ಒಂದು ಗುಮ್ಮಟದ ತುದಿಯಲ್ಲಿ ಹಡಗಿನವರಿಗೆ ದಾರಿ ತೋರಿಸುವ ದೀಪವಿದೆ ಎಂದು ಚಂದ್ರಣ್ಣ ಹೇಳಿದಾಗ, ಅಷ್ಟು ದೂರ ಬೆಳಕು ಬೇಕಾದ ನೀರು ಇನ್ನೆಷ್ಟು ದೊಡ್ಡದಿರಬೇಕು ಎಂದುಕೊಂಡ.

ಹೊಸಬರು ಮದ್ರಾಸಿಗೆ ಬಂದರೆ ಎರಡು ಕಾಲೇಜು ನೋಡದೆ ಹೋಗಬಾರದು ಎಂದು ನಮ್ಮ ಕಡೆ ಆಗ ಮಾತಿತ್ತು. ಬದುಕಿದ ಕಾಲೇಜೆಂದರೆ ಮೂರ್ ಮಾರ್ಕೆಟ್ಟಿನ ಹಿಂದಿನ ಮೃಗಾಲಯ, ಸತ್ತ ಕಾಲೇಜೆಂದರೆ ಎಗ್ಮೂರಿನ ಮ್ಯೂಜಿಯಂ. ಮೊದಲನೆಯದರಲ್ಲಿ ಸಿಂಹ ಆಕಳಿಸುವುದನ್ನು ಸುಂಕಣ್ಣ ಸುಮ್ಮನೆ ನೋಡಿದ. ಎರಡನೆಯದರಲ್ಲಿ ಒಂದು ಎಲುಬಿನ ಗೂಡಿನ ಮುಂದೆ ಅವನ ಕಾಲು ಕದಲಲಿಲ್ಲ. ಅದು ತಿಮಿಂಗಿಲ, ಸಮುದ್ರದಲ್ಲಿ ಈಜುತ್ತಿತ್ತು ಎಂದರು. ಪಕ್ಕೆಲುಬು ಒಂದೊಂದೂ ತನ್ನ ಹರಿಗೋಲಿನ ಬಿದಿರಿಗಿಂತ ಉದ್ದ. ಆ ತುದಿಯಿಂದ ಈ ತುದಿಗೆ ಹೆಜ್ಜೆ ಹಾಕಿ ಅಳೆದ. ತನ್ನ ಜೀವಮಾನದಲ್ಲಿ ಹಿಡಿದ ದೊಡ್ಡ ಬಾಳೆಮೀನು ತೊಡೆಯಷ್ಟಿತ್ತು, ಅದನ್ನೇ ವರ್ಷವೆಲ್ಲ ಹೇಳಿಕೊಂಡಿದ್ದ. ಇನ್ನು ಮೇಲೆ ಆ ಮಾತನ್ನು ಎತ್ತಬಾರದು ಎಂದು ಅಲ್ಲೇ ನಿರ್ಧರಿಸಿದ.

ಮರುದಿನ ಬೆಳಗ್ಗೆ ಚಂದ್ರಣ್ಣ ಅವನನ್ನು ಸಮುದ್ರಕ್ಕೆ ಕರೆದೊಯ್ದ. ಮರಳು ದೂರದವರೆಗೂ ಹಾಸಿತ್ತು. ಸದ್ದು ಮೊದಲು ಬಂತು. ಸುಂಕಣ್ಣನಿಗೆ ಗಾಡಿ ಬಂದ ಹಾಗೆ ಕೇಳಿತು. ಆಮೇಲೆ ನೀರು ಕಂಡಿತು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮೂವತ್ತು ವರ್ಷ ನೀರಿನ ಮೇಲೆ ಬದುಕಿದವನ ಕಣ್ಣು ರೂಢಿಯಂತೆ ಆಚೆ ದಡವನ್ನು ಹುಡುಕಿತು. ಹುಡುಕಿ ಹುಡುಕಿ ಆಕಾಶಕ್ಕೆ ಹೋಗಿ ಮುಟ್ಟಿತು. ಬಗ್ಗಿ ಒಂದು ಬೊಗಸೆ ನೀರು ತೆಗೆದು ಬಾಯಿಗೆ ಹಾಕಿಕೊಂಡು ಉಗುಳಿದ.

“ಎಷ್ಟು ವರ್ಷದಿಂದ ನಮ್ಮ ಸಿಹಿನೀರು ಬಂದು ಬೀಳತೈತೋ ಏನೋ, ಇದರ ಉಪ್ಪು ಇನ್ನಾ ಇಳಿದಿಲ್ಲಲ್ರಿ ಚಂದ್ರಣ್ಣಾರ,” ಎಂದ.

ಅಲ್ಲಿ ಕೆಲವರು ಕಟ್ಟುಮರವನ್ನು ನೀರಿಗೆ ನೂಕುತ್ತಿದ್ದರು. ನಾಲ್ಕು ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿದ ತೆಪ್ಪ ಅದು, ಅಂಚಿಲ್ಲ, ಗೋಡೆಯಿಲ್ಲ. ನೂಕುತ್ತಿದ್ದವರಲ್ಲಿ ಒಬ್ಬ ಮುದುಕನಿಗೆ ತೆಲುಗು ಬರುತ್ತಿತ್ತು. ತಾನೂ ಹರಿಗೋಲಿನವನು ಎಂದು ಸುಂಕಣ್ಣ ಹೇಳಿದಾಗ ಮುದುಕ ಅವನ ಅಂಗೈ ಹಿಡಿದು ತಿರುಗಿಸಿ ನೋಡಿ, ಮೇಲೆ ಹತ್ತು ಎಂದ. ಚಂದ್ರಣ್ಣ ಬೇಡವೆನ್ನುವಷ್ಟರಲ್ಲಿ ಹತ್ತಿಯಾಗಿತ್ತು. ಮೊದಲ ಅಲೆ ಗೋಡೆಯಂತೆ ಎದ್ದು ಬಂದಾಗ, ಯಾವ ಪ್ರವಾಹಕ್ಕೂ ಹೆದರದ ಸುಂಕಣ್ಣ ದಿಮ್ಮಿಯ ಮೇಲೆ ಬೋರಲು ಬಿದ್ದು ಹಗ್ಗ ಕಚ್ಚಿ ಹಿಡಿದ. ಮೂರು ಅಲೆ ದಾಟಿದ ಮೇಲೆ ನೀರು ಮಲಗಿದ ದನದ ಹೊಟ್ಟೆಯಂತೆ ಮೆಲ್ಲಗೆ ಏರಿ ಇಳಿಯತೊಡಗಿತು. ಆಗ ಎದ್ದು ಕೂತು ಹಿಂತಿರುಗಿದ. ಅಷ್ಟು ದೊಡ್ಡ ಮದ್ರಾಸು, ಗುಮ್ಮಟ, ದೀಪ, ಲಕ್ಷಾಂತರ ಜನ, ಎಲ್ಲ ಸೇರಿ ಸೀರೆಯ ಅಂಚಿನಷ್ಟು ತೆಳ್ಳಗೆ ಕಂಡಿತು.

ಆಚೆ ದಡ ಎಷ್ಟು ದೂರ ಎಂದು ಕೇಳಿದ್ದಕ್ಕೆ, ನಲವತ್ತು ವರ್ಷದಿಂದ ಹೋಗುತ್ತಿದ್ದೇನೆ, ನಾನೂ ನೋಡಿಲ್ಲ ಎಂದ ಮುದುಕ. ಸುಂಕಣ್ಣ ಅಲ್ಲಿಯೇ, ಅಲುಗುವ ದಿಮ್ಮಿಯ ಮೇಲೆ, ಎರಡೂ ಕೈ ಜೋಡಿಸಿದ. ಯಾವ ದೇವರ ಹೆಸರೂ ನಾಲಿಗೆಗೆ ಬರಲಿಲ್ಲ.

ಊರಿಗೆ ಮರಳಿದ ಮೇಲೆ ಮಾತು ಕಡಿಮೆಯ ಸುಂಕಣ್ಣ ಬದಲಾದ. ಹರಿಗೋಲು ಹತ್ತಿದವರಿಗೆ ದಡ ಮುಟ್ಟುವಷ್ಟರಲ್ಲಿ ಮದ್ರಾಸು ತೋರಿಸಿ ಮುಗಿಸುತ್ತಿದ್ದ. ಕೆಲಸಕ್ಕೋ ಆಸ್ಪತ್ರೆಗೋ ಆ ಕಡೆ ಹೊರಟವರು ಏನೇನು ನೋಡಬೇಕೆಂದು ಅವನನ್ನೇ ಕೇಳಿಕೊಂಡು ಹೋಗುತ್ತಿದ್ದರು. ಮೊದಲು ಟ್ರಾಮು ಹತ್ತಿರಿ, ಆಮೇಲೆ ಸತ್ತ ಕಾಲೇಜು, ಸಮುದ್ರ ಕೊನೆಗಿರಲಿ, ಅದನ್ನು ನೋಡಿದ ಮೇಲೆ ಬೇರೆ ಯಾವುದೂ ಕಣ್ಣಿಗೆ ಹಿಡಿಸುವುದಿಲ್ಲ ಎನ್ನುತ್ತಿದ್ದ. ಶೇಷಮ್ಮ ಇದನ್ನೆಲ್ಲ ಮೂರು ವರ್ಷ ಕೇಳಿದಳು. ನಾಲ್ಕನೆಯ ವರ್ಷ, ಬೇಸಿಗೆಯಲ್ಲಿ ಹೊಳೆ ಬತ್ತಿ ಹರಿಗೋಲು ಬೋರಲು ಬಿದ್ದಿದ್ದಾಗ, ಕರೆದುಕೊಂಡು ಹೋಗುತ್ತೀಯೋ ಇಲ್ಲವೋ ಎಂದು ಕೇಳಿದಳು.

ಅಷ್ಟರಲ್ಲಿ ಆದವಾನಿ ಆಂಧ್ರಕ್ಕೆ ಸೇರಿತ್ತು, ಮದ್ರಾಸು ಬೇರೆ ರಾಜ್ಯವಾಗಿತ್ತು. ಶೇಷಮ್ಮನ ಜೊತೆ ಸೆಂಟ್ರಲ್‌ನಿಂದ ಹೊರಬಂದ ಸುಂಕಣ್ಣ ರಸ್ತೆಯ ನಡುವೆ ನಿಂತು ಪೆಚ್ಚಾದ. ಟ್ರಾಮು ನಿಂತುಹೋಗಿ ಎರಡು ವರ್ಷವಾಗಿತ್ತು. ಮೂರು ವರ್ಷ ನನಗೆ ಸುಳ್ಳು ಹೇಳಿದೆಯಾ ಎಂದು ಶೇಷಮ್ಮ ಕೇಳಿದಳು. ಅವನು ಒಬ್ಬ ಪೊಲೀಸಿನವನನ್ನು ಹಿಡಿದು ತೆಲುಗಿನಲ್ಲಿ ಸಾಕ್ಷಿ ಹೇಳಿಸಿದ ಮೇಲೆಯೇ ಆಕೆ ಮುಂದಕ್ಕೆ ಹೆಜ್ಜೆಯಿಟ್ಟದ್ದು.

ದಾರಿ ತಪ್ಪಿ, ಬಸ್ಸು ತಪ್ಪಿ, ಸಮುದ್ರ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಬಿಸಿಲಿಲ್ಲದ ಬೂದು ನೀರನ್ನು ಕಂಡು ಸುಂಕಣ್ಣನಿಗೇ ಸಪ್ಪೆಯೆನಿಸಿತು. ಇಬ್ಬರೂ ಮರಳಿನ ಮೇಲೆ ಕೂತು ಚಟ್ನಿ ರೊಟ್ಟಿ ತಿಂದರು. ಅಂದು ಹುಣ್ಣಿಮೆ ಎಂಬುದು ಇಬ್ಬರಿಗೂ ನೆನಪಿರಲಿಲ್ಲ. ನೀರಿನ ಅಂಚು ಎಲ್ಲೋ ಕೆಂಪಾದಂತಾಯಿತು. ದೋಣಿಗೆ ಬೆಂಕಿ ಬಿದ್ದಿದೆಯೆಂದು ಸುಂಕಣ್ಣ ಎದ್ದು ನಿಂತ. ಬೆಂಕಿಯಲ್ಲ, ಚಂದ್ರ. ಗುಡ್ಡವಿಲ್ಲದೆ, ಮರವಿಲ್ಲದೆ, ನೀರಿನೊಳಗಿಂದಲೇ ತೊಯ್ದುಕೊಂಡು ಏಳುತ್ತಿದ್ದ. ಪೂರ್ತಿ ಮೇಲೆ ಬಂದ ಮೇಲೆ ನೀರಿನ ಮೇಲೊಂದು ಹೊಳೆಯುವ ದಾರಿ ಅವರ ಕಾಲಿನ ತನಕ ಬಂತು. ಶೇಷಮ್ಮ ಕೈಯಲ್ಲಿದ್ದ ರೊಟ್ಟಿ ಮರೆತಳು.

“ಇದನ್ನ ನೀ ಹೇಳಿದ್ದೇ ಇಲ್ಲ,” ಎಂದಳು.

“ನಾನೂ ಈಗ ನೋಡಾಕತ್ತೀನಿ,” ಎಂದ ಸುಂಕಣ್ಣ.

ಅಲ್ಲಿಂದಾಚೆ ನಾಗಲದಿನ್ನೆಯಲ್ಲಿ ಮದ್ರಾಸಿಗೆ ಹೊರಟವರು ಮೊದಲು ಶೇಷಮ್ಮನ ಹತ್ತಿರ ಹೋಗುತ್ತಿದ್ದರು. ಆಕೆ ಕಟ್ಟೆಯ ಮೇಲೆ ಕೂತು, ಬೆರಳು ಮಡಿಚಿ ತಿಥಿ ಎಣಿಸಿ, ಯಾವ ದಿನ ಗಾಡಿ ಹತ್ತಬೇಕೆಂದು ಹೇಳಿ ಕಳಿಸುತ್ತಿದ್ದಳು.